ಸಾಕ್ಷಿಕಟ್ಟೆ ಹತ್ತದ ನೀರು

ದೆವ್ವ, ಮಾಟ, ಕನಸಿನಲ್ಲಿ ಬಂದು ದಾರಿ ತೋರಿಸುವ ದೇವರು, ಇವೆಲ್ಲ ನನಗೆ ಎಂದೂ ಹಿಡಿಸಿದ್ದಲ್ಲ. ಶಿವಬಸವ ನಗರದ ನಮ್ಮ ಓಣಿಯಲ್ಲಿ ಯಾರಾದರೂ ಅಂಥ ಮಾತು ತೆಗೆದರೆ "ಕಂಡವರು ಯಾರು, ಅವರನ್ನ ಕರೀರಿ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ವಚನ ಕೇಳಿ ಬೆಳೆದ ಮನೆ, ಮೇಲೆ ವಕೀಲಿ ವೃತ್ತಿ. ಕಂಡವರ ಮಾತಿಗೆ ಮಾತ್ರ ಬೆಲೆ, ಕೇಳಿ ಹೇಳುವವರ ಮಾತಿಗಲ್ಲ ಎಂದು ಎರಡೂ ಕಡೆ ಕಲಿತಿದ್ದೆ. ಈಗ ತೊಂದರೆ ಏನೆಂದರೆ, ಕಂಡವಳು ನಾನೇ.

ನಾನು ಪರಿಸರದ ಮೊಕದ್ದಮೆಗಳನ್ನು ನಡೆಸುತ್ತೇನೆ. ಫೌಂಡ್ರಿಯ ಹೊಗೆ, ಕೆರೆಗೆ ಬಿಟ್ಟ ಕೊಳಚೆ, ಪರವಾನಗಿ ಮೀರಿದ ಕ್ರಷರ್, ಇಂಥವು. ಈ ದಾರಿ ಹಿಡಿಯುತ್ತೇನೆ ಎಂದಾಗ ನನ್ನ ಸೀನಿಯರ್ ನಕ್ಕಿದ್ದರು. "ಗಿಡಾ ಬಂದು ವಕಾಲತ್ತಿಗೆ ಸಹಿ ಹಾಕತಾವೇನವಾ?" ಎಂದಿದ್ದರು. ನಾನು ಅವರ ಆಫೀಸು ಬಿಟ್ಟೆ. ಹಟ ನನ್ನ ಹುಟ್ಟುಗುಣ.

ಕೆಲವು ವರ್ಷಗಳ ಹಿಂದೆ ಖಾನಾಪುರದ ಆಚೆ, ಕಾಡಿನ ಅಂಚಿನ ಒಂದು ಗೌಳಿವಾಡದ ಕೇಸು ನನ್ನ ಕೈಗೆ ಬಂತು. ಎಮ್ಮೆ ಸಾಕಿ ಹಾಲು ಮಾರಿ ಬದುಕುವ ಜನ ಅವರು. ಅವರ ಗುಡ್ಡದ ಹಿಂದೆ ಕಲ್ಲು ಕ್ವಾರಿ ಬಂದಿತ್ತು. ತೆಗೆದ ಮಣ್ಣನ್ನೂ ಕಲ್ಲುಪುಡಿಯನ್ನೂ ಇಳಿಜಾರಿಗೆ ಸುರಿದು ಸುರಿದು ಅಲ್ಲಿ ಇನ್ನೊಂದು ಗುಡ್ಡವೇ ಆಗಿತ್ತು. ನಮ್ಮ ಝರಿ ಅದರ ಅಡಿ ಹೂತುಹೋಗಿದೆ ಎಂದು ಗೌಳಿಗರ ದೂರು. ಅಲ್ಲಿ ಝರಿಯೇ ಇರಲಿಲ್ಲ ಎಂದು ಕ್ವಾರಿಯವರ ವಾದ. ಅವರ ಪರವಾಗಿ ನಿಂತವರು ನನ್ನ ಅದೇ ಹಳೆಯ ಸೀನಿಯರ್.

ಜಂಟಿ ಸಮಿತಿಯೊಂದು ಸ್ಥಳಕ್ಕೆ ಹೋಗಿ ನೋಡಿ ವರದಿ ಕೊಡಲಿ ಎಂದು ನ್ಯಾಯಮಂಡಳಿ ಆದೇಶಿಸಿತು. ಸಮಿತಿ ಬರುವ ಹಿಂದಿನ ದಿನ ನಾನು ವಾಡಕ್ಕೆ ಹೊರಟೆ. "ಖಾನಾಪುರದ ರಸ್ತಾ ಚಲೋ ಇಲ್ರಿ ಮೇಡಂ, ಒಬ್ಬಾಕಿನ ಗಾಡಿ ಮ್ಯಾಲೆ ಅಡ್ಡಾಡಬ್ಯಾಡ್ರಿ" ಎಂದು ಕ್ವಾರಿಯ ಒಬ್ಬ ಮನುಷ್ಯ ಕೋರ್ಟಿನ ಗೇಟಿನಲ್ಲಿ ನಗುತ್ತ ಹೇಳಿದ್ದ. ಅದಕ್ಕೇ ಬಸ್ಸು ಬಿಟ್ಟು, ಬೇಕೆಂದೇ ಸ್ಕೂಟರಿನ ಮೇಲೆ ಒಬ್ಬಳೇ ಹೋದೆ.

ಅಲ್ಲಿ ಹೋದರೆ ನನ್ನ ಕಕ್ಷಿದಾರರೇ ನನ್ನ ಎದೆ ಒಡೆದರು. ಝರಿ ಸರಿಯಾಗಿ ಎಲ್ಲಿತ್ತು ಎಂದು ಕೇಳಿದರೆ ಒಬ್ಬ ಎಡಕ್ಕೆ ತೋರಿಸಿದ, ಇನ್ನೊಬ್ಬ ಬಲಕ್ಕೆ. ಗುರುತಿನ ಗಿಡ, ಬಂಡೆ, ಕಾಲುದಾರಿ ಎಲ್ಲ ಮಣ್ಣಿನಡಿ ಸೇರಿದ್ದವು. ತಪ್ಪು ಅವರದಲ್ಲ. ಆದರೂ ನನಗೆ ಸಿಟ್ಟು ಬಂತು. ಮೊದಲನೇ ಅರ್ಜಿದಾರಳಾದ ಜನಾಬಾಯಿ ಚಹಾ ಕುಡಿದು ಹೋಗಿರೆಂದರೂ ಕೇಳದೆ, ಮಣ್ಣಿನ ಗುಡ್ಡೆ ನೋಡಿಬರುತ್ತೇನೆಂದು ನಡೆದೆ. ನೆತ್ತಿ ಸುಡುವ ಮಧ್ಯಾಹ್ನ.

ಗುಡ್ಡದ ಹೆಗಲು ದಾಟಿ ಇಳಿದಾಗ ಅಲ್ಲಿ ಮಣ್ಣಿನ ಗುಡ್ಡೆ ಇರಲಿಲ್ಲ.

ದಾರಿ ತಪ್ಪಿದೆ ಎಂದುಕೊಂಡೆ. ಎದುರಿಗೆ ನೆರಳಿನ ಇಳಿಜಾರು, ಎರಡು ಬಂಡೆಗಳ ಸಂದಿನಿಂದ ಬೆರಳುಗಾತ್ರದ ನೀರು, ಅದರ ಕೆಳಗೆ ದನ ಕುಡಿಯಲು ಕಡೆದಿಟ್ಟ ಉದ್ದನೆಯ ಕಲ್ಲಿನ ಬಾನಿ. ಬಾನಿಯ ಒಂದು ಮೂಲೆ ಮುರಿದಿತ್ತು. ಅಲ್ಲಿಂದ ನೀರು ತುಳುಕಿ ಕೆಳಗೆ ಹರಿಯುತ್ತಿತ್ತು. ಹೆದರಿಕೆ ಆಗಲಿಲ್ಲ, ಸಂತೋಷವೇ ಆಯಿತು. ಇನ್ನೊಂದು ಝರಿ ಸಿಕ್ಕಿತು, ನಾಳೆ ಇದನ್ನೂ ತೋರಿಸಬಹುದು ಎಂದು ವಕೀಲಬುದ್ಧಿ ಲೆಕ್ಕ ಹಾಕಿತು. ಬೊಗಸೆಯಲ್ಲಿ ಕುಡಿದೆ. ಮುಖ ತೊಳೆದೆ. ದುಪಟ್ಟಾ ಅದ್ದಿ ತಲೆಯ ಮೇಲೆ ಹೊದ್ದು ಬಾನಿಯ ಅಂಚಿಗೆ ಕುಳಿತೆ. ಕೆಳಗೆ, ಸ್ವಲ್ಪ ದೂರದಲ್ಲಿ, ಕವಲೊಡೆದ ಒಂದು ಮತ್ತಿಮರ ಕಾಣುತ್ತಿತ್ತು.

ಆಗ ಕ್ವಾರಿಯಲ್ಲಿ ಬಂಡೆ ಸಿಡಿಸುವ ಮುಂಚಿನ ಸೈರನ್ ಕೂಗಿತು. ತಲೆ ಎತ್ತಿ ತಿರುಗಿ ನೋಡಿದೆ, ಅಷ್ಟೇ. ಮತ್ತೆ ಕೆಳಗೆ ನೋಡಿದಾಗ ನಾನು ಬಿಸಿಲಿನಲ್ಲಿ, ಮಣ್ಣಿನ ಗುಡ್ಡೆಯ ನೆತ್ತಿಯ ಮೇಲೆ ಕುಳಿತಿದ್ದೆ. ಕೈಯೆಲ್ಲ ಕಲ್ಲುಪುಡಿ. ಕವಲೊಡೆದ ಮತ್ತಿಮರ ಮಾತ್ರ ಕೆಳಗೆ ಅಲ್ಲೇ ನಿಂತಿತ್ತು.

ಹೇಗೆ ವಾಡಕ್ಕೆ ಮರಳಿದೆನೋ ನೆನಪಿಲ್ಲ. ಜನಾಬಾಯಿ ನನ್ನ ದುಪಟ್ಟಾ ಮುಟ್ಟಿ ನೋಡಿದಳು.

"ಎಲ್ಲಿ ತೋಯಿಸಿಕೊಂಡ್ರಿ, ವಕೀಲಬಾಯಿ? ಇಷ್ಟು ಗಾರ ನೀರು ನಮಗ ಟ್ಯಾಂಕರದಾಗ ಬರಂಗಿಲ್ರಿ."

ಗಾರ ಎಂದರೆ ಅವರ ಮಾತಿನಲ್ಲಿ ತಣ್ಣಗೆ. ಆಕೆ ಒದ್ದೆಯಾದ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

ಮರುದಿನ ಅಧಿಕಾರಿಗಳು ಬಂದರು. ನಾನು ಅಂಜಿದಂತೆಯೇ ಆಯಿತು. ಗೌಳಿಗರು ಒಬ್ಬೊಬ್ಬರು ಒಂದೊಂದು ಕಡೆ ಬೆರಳು ಮಾಡಿದರು. ಸೀನಿಯರ್ ಛತ್ರಿಯ ಕೆಳಗೆ ನಿಂತು, "ನಿನ್ನ ಝರಿ ಊರೆಲ್ಲಾ ಅಡ್ಡಾಡಾಕ ಹತ್ತೇತಲ್ಲವಾ!" ಎಂದರು. ಎಲ್ಲರೂ ನಕ್ಕರು. ಜಲಮೂಲ ಕಂಡುಬರಲಿಲ್ಲ ಎಂದು ಬರೆಯಲು ಅಧಿಕಾರಿ ಪೆನ್ನು ತೆಗೆದರು.

ನಾನು ಮತ್ತಿಮರ ಎದುರಿಗೆ ಬರುವಂತೆ ಗುಡ್ಡೆ ಹತ್ತಿ ನಿಂತೆ. "ಇಲ್ಲಿ ಅಗಿಸ್ರಿ" ಎಂದೆ.

"ಆಧಾರ ಏನು?" ಎಂದರು ಅಧಿಕಾರಿ.

"ಅಗಿಸ್ರಿ. ಇಲ್ಲಿ ಸಿಗಲಿಲ್ಲಂದ್ರ ಅರ್ಜಿ ವಾಪಸ್ ತಗೋತೇವಿ."

ಅರ್ಜಿ ಗೌಳಿಗರದು, ಅವರನ್ನು ಕೇಳದೆ ಹಾಗೆ ಹೇಳುವ ಹಕ್ಕು ನನಗಿರಲಿಲ್ಲ. ಸೀನಿಯರ್ ಬಿಡುವವರೇ? "ಬರಕೋರಿ, ಈ ಮಾತು ಬರಕೋರಿ" ಎಂದರು. ಅಧಿಕಾರಿ ಜನಾಬಾಯಿಯ ಮುಖ ನೋಡಿದರು. ಆಕೆ ನನ್ನ ಮುಖ ನೋಡಿದಳು.

"ಬರಕೋರಿ," ಎಂದಳು. "ನಮ್ಮ ವಕೀಲಬಾಯಿ ಹೇಳಿದ್ದ ಖರೇ."

ಕ್ವಾರಿಯದೇ ಜೆಸಿಬಿ ಬಂತು. ಅಗೆದಷ್ಟೂ ಒಣಪುಡಿ. ಕ್ವಾರಿಯ ಆಳುಗಳು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. ಸಾಕು ನಿಲ್ಲಿಸಿ ಎಂದು ಸೀನಿಯರ್ ಅಂದಾಗ ನಾನು ಜೆಸಿಬಿಯ ಮುಂದೆಯೇ ಹೋಗಿ ನಿಂತು, ನೆಲ ಸಿಗುವವರೆಗೆ ನಿಲ್ಲಿಸಲು ಬಿಡುವುದಿಲ್ಲ ಎಂದೆ. ಬಹಳ ಹೊತ್ತಿನ ಮೇಲೆ ಬಕೆಟ್ಟಿನ ಹಲ್ಲಿಗೆ ಹಸಿ ಮಣ್ಣು ಅಂಟಿ ಬಂತು. ಆಮೇಲೆ ಕಲ್ಲಿಗೆ ಕಬ್ಬಿಣ ತಾಗಿದ ಸದ್ದು. ಗೌಳಿಗರು ತಗ್ಗಿಗೆ ಇಳಿದು ಕೈಯಿಂದಲೇ ಕೆದರಿದರು. ಬಾನಿ ಮೇಲೆ ಬಂತು. ಮೂಲೆ ಮುರಿದಿತ್ತು. ಹೊಸ ಮುರುಕಲ್ಲ, ನೀರು ಹರಿದು ಹರಿದು ನುಣುಪಾದದ್ದು. ನಾವು ನೋಡುತ್ತಿದ್ದಂತೆ ಅದರ ಬುಡದಲ್ಲಿ ನೀರು ಜಿನುಗಿತು. ವಾಡದ ಹೆಂಗಸರು ಅತ್ತರು. ಅಧಿಕಾರಿ ಬರೆದುಕೊಂಡರು.

ಮಣ್ಣು ತೆಗೆಯಬೇಕೆಂದು, ಅಲ್ಲಿಯವರೆಗೆ ಕ್ವಾರಿ ನಿಲ್ಲಬೇಕೆಂದು ಆದೇಶವಾಯಿತು. ಅವರು ಮೇಲ್ಮನವಿ ಹಾಕಿದ್ದಾರೆ. ಹಾಕಲಿ. ಎಮ್ಮೆಗಳು ಈಗ ಅಲ್ಲಿಯೇ ನೀರು ಕುಡಿಯುತ್ತಿವೆ.

ನನ್ನ ಗಂಡ ಇದನ್ನು ಬಿಸಿಲಿನ ಹೊಡೆತ ಎನ್ನುತ್ತಾರೆ. ನೆಹರು ನಗರದ ಡಾಕ್ಟರರ ಹತ್ತಿರವೂ ಕರೆದೊಯ್ದರು. ತಲೆ ಸರಿಯಾಗಿದೆ ಎಂದರು ಅವರು. ಯಾರೋ ಹೇಳಿದ್ದು ಮನಸ್ಸಿನಲ್ಲಿ ಉಳಿದಿರಬಹುದು ಎಂದರೆ, ಮುರಿದ ಮೂಲೆಯ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ದುಪಟ್ಟಾ ತೋಯುತ್ತಿರಲಿಲ್ಲ.

ಆಮೇಲೊಂದು ದಿನ ಕೋರ್ಟಿನ ಕ್ಯಾಂಟೀನಿನಲ್ಲಿ ಸೀನಿಯರ್ ನನ್ನ ಎದುರಿಗೆ ಬಂದು ಕುಳಿತರು. "ಖರೇ ಹೇಳವಾ. ನಮ್ಮ ಕಡಿಯವ್ರ ಯಾರ ಬಾಯಿ ಬಿಟ್ರು?" ಎಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಚಹಾದ ಕಪ್ಪು ಬದಿಗೆ ಸರಿಸಿ ಮುಂದಕ್ಕೆ ಬಾಗಿದರು.

"ಯಾರ ಮುಂದೂ ಹೇಳಬ್ಯಾಡ. ಹುಚ್ಚಿ ಅಂತಾರ. ನಾಳೆ ನಿನ್ನ ಖರೇ ಕೇಸೂ ಯಾರೂ ನಂಬಂಗಿಲ್ಲ."

"ಪಾಟೀಸವಾಲು ಮಾಡ್ರಿ ಸರ್," ಎಂದೆ. "ಬೇಕಾದಷ್ಟ ಮಾಡ್ರಿ. ಮಾತು ಬದಲ ಆಗಂಗಿಲ್ಲ."

ಅವರು ಮಾಡಲಿಲ್ಲ. ನಾನೇ ಎಷ್ಟೋ ಸಲ ಮಾಡಿಕೊಂಡಿದ್ದೇನೆ, ಅವರೇ ಕಲಿಸಿದ ರೀತಿಯಲ್ಲಿ, ದಯಾದಾಕ್ಷಿಣ್ಯ ಇಲ್ಲದೆ. ಆ ಮಧ್ಯಾಹ್ನ ನಾನು ಎಲ್ಲಿ ಕುಳಿತಿದ್ದೆ, ಯಾವ ನೀರು ಕುಡಿದೆ ಎಂಬಲ್ಲಿಗೆ ಬಂದು ಪ್ರತಿ ಸಲವೂ ನಿಲ್ಲುತ್ತೇನೆ. ಉತ್ತರ ಸಿಕ್ಕಿಲ್ಲ. ಸಿಗಲಿಲ್ಲವೆಂದು ಬಾಯಿ ಮುಚ್ಚಿಕೊಂಡಿರುವುದೂ ನನ್ನಿಂದ ಆಗುವುದಿಲ್ಲ.