ಮುಳ್ಳುತಂತಿಯ ಸ್ಮಾರಕ

ಹೋದ ತಿಂಗಳು ನಾನು ಬರೆದ ಒಂದು ಚಿತ್ರ ನೋಡಿ ವಯಸ್ಸಾದ ಹೆಂಗಸೊಬ್ಬರು ಹೆದರಿ ಎದ್ದು ನಿಂತುಬಿಟ್ಟರು. ಚಿಕ್ಕೋಡಿಯಲ್ಲಿ ಇಷ್ಟು ವರ್ಷದಿಂದ ಡ್ರಾಯಿಂಗ್ ಮಾಸ್ತರನಾಗಿದ್ದೇನೆ. (ನನ್ನ ಚಿತ್ರ ನೋಡಿ ನಕ್ಕವರುಂಟು. ಹೆದರಿದವರು ಇವರೇ ಮೊದಲು.)

ರಾಯಬಾಗದ ಕಡೆ ಒಂದು ಊರಿನ ಹೊರಗೆ ಬ್ರಿಟಿಷರ ಕಾಲದ ‘ಸೆಟ್ಲಮೆಂಟ್’ ಇತ್ತು. ಕೆಲವು ಜಾತಿಯವರೆಲ್ಲ ಹುಟ್ಟುಗಳ್ಳರು ಎಂದು ಸರಕಾರವೇ ಬರೆದುಕೊಂಡು, ಹೆಂಡಿರು ಮಕ್ಕಳ ಸಮೇತ ಮುಳ್ಳುತಂತಿಯೊಳಗೆ ಕೂಡಿಹಾಕಿತ್ತು. ಮುಂಜಾನೆ ಹಾಜರಿ, ಸಂಜೆ ಹಾಜರಿ. ಹೊರಗೆ ಹೋಗಲು ಪಾಸು. ಸತ್ತವರನ್ನು ಅಲ್ಲೇ ಹುಗಿದರು. ಸ್ವಾತಂತ್ರ್ಯ ಬಂದ ಮೇಲೆ ತಂತಿ ಕಿತ್ತರು.

ಜರ್ಮನಿಯ ಕಾನ್ಸಂಟ್ರೇಶನ್ ಕ್ಯಾಂಪುಗಳ ಬಗ್ಗೆ ಓದಿ ನಿದ್ದೆಗೆಟ್ಟವನು ನಾನು. ಬಸ್ಸಿನಲ್ಲಿ ಒಂದು ತಾಸಿನ ದಾರಿಯಲ್ಲಿ ಇಂಥದ್ದೊಂದಿತ್ತು ಎಂದು ನನಗೇಕೆ ಗೊತ್ತಿರಲಿಲ್ಲ?

ತಿಳಿಸಿದವನು ಆ ಊರಿನ ಪೋಸ್ಟ್‌ಮನ್ ಭೀಮಪ್ಪ. ಅಲ್ಲಿ ಸತ್ತವರಿಗೊಂದು ಸ್ಮಾರಕ ಡಿಸೈನ್ ಮಾಡಿಕೊಡಿ ಎಂದ. ಮಾಡಿದೆ. ಸುತ್ತ ಮುಳ್ಳುತಂತಿ, ಒಂದೇ ಗೇಟು, ನಡುವೆ ಕಲ್ಲು. ನನಗಂತೂ ಬಹಳ ಹಿಡಿಸಿತ್ತು.

ಭೀಮಪ್ಪನ ತಾಯಿ ಗಂಗವ್ವ ಆ ತಂತಿಯೊಳಗೇ ಹುಟ್ಟಿದವರು. ಅವರ ಮುಂದೆ ಹಾಳೆ ಬಿಚ್ಚಿದೆ. ತಂತಿಯ ಗೆರೆಯ ಮೇಲೆ ಬೆರಳಾಡಿಸುತ್ತ ಬಂದರು. ಗೇಟಿನ ಹತ್ತಿರ ಬೆರಳು ನಿಂತಿತು. ತಟ್ಟನೆ ಎದ್ದರು. ಸೆರಗು ಸರಿಮಾಡಿಕೊಂಡು, ನನ್ನ ಮುಖ ನೋಡದೆ ಕೇಳಿದರು:

“ಸಾಹೇಬ್ರ, ಮತ್ತ ತಂತಿ ಹಾಕ್ತೀರೇನ್ರಿ?”

(ಅಷ್ಟು ಹೊತ್ತೂ ನಾನು ‘ಮಾಸ್ತರ’ನಾಗಿದ್ದೆ.)

“ಇಲ್ಲ ಯವ್ವಾ, ಇದು ನೆನಪಿಗೆ ಅಷ್ಟ,” ಎಂದ ಭೀಮಪ್ಪ.

“ನೆನಪು ನನಗ ಐತಲ್ಲೋ. ನನ್ನ ತಮ್ಮ ಪರಸ್ಯಾ ಆ ಗೇಟಿನ್ಯಾಗ ಸತ್ತ. ಮೈ ಸುಡ್ತಿತ್ತು, ದವಾಖಾನಿಗೆ ಒಯ್ಯಾಕ ಪಾಸ್ ಕೊಡ್ಲಿಲ್ಲ. ಅವಗ ಹೂವು ಹಾಕಾಕ ನಾ ಅದ ಗೇಟಿನ್ಯಾಗ ಹಾದು ಹೋಗಬೇಕೇನು?”

ನಾನು ಹಾಳೆ ಸುತ್ತಿಕೊಂಡೆ. ಬಸ್ ಸ್ಟ್ಯಾಂಡಿನವರೆಗೆ ಬಂದ ಭೀಮಪ್ಪ ಮೆಲ್ಲಗೆ ಹೇಳಿದ: “ಸರ, ತಂತಿ ತಗದ್ರ ಮುಂದಿನವ್ರು ನಂಬ್ತಾರೇನ್ರಿ? ನನ್ನ ಮಕ್ಳ ನಂಬವಲ್ಲರು.”

ಅವನದೂ ತಪ್ಪೆನ್ನಲಾದೀತೆ? ನಾಲ್ಕು ದಿನ ಆ ಹಾಳೆ ಮುಟ್ಟಲು ಕೈ ಬರಲಿಲ್ಲ. ಐದನೆಯ ದಿನ ಬೇಲಿ ಅಳಿಸಿದೆ, ಗೇಟು ಅಳಿಸಿದೆ. ಕಲ್ಲಿನ ಮೇಲೆ, ನಡೆದದ್ದನ್ನು ಹೇಳುವ ನಾಲ್ಕು ಸಾಲು, ಕೆಳಗೆ ಗಂಗವ್ವ ನೆನಪಿಸಿಕೊಂಡು ಭೀಮಪ್ಪನ ಕೈಲಿ ಬರೆಸಿ ಕಳಿಸಿದ ಹನ್ನೊಂದು ಹೆಸರು. ನಾಲ್ಕೂ ದಿಕ್ಕಿನಿಂದ ದಾರಿ.

ಹೊಸ ಹಾಳೆಯ ಮುಂದೆ ಗಂಗವ್ವ ಕುಳಿತೇ ಇದ್ದರು. ಪರಸ್ಯಾನ ಹೆಸರನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ, “ಇಲ್ಲಿ ಪೊಲೀಸ್ರು ಬರಂಗಿಲ್ಲಲ್ರಿ?” ಎಂದರು.

“ಬರಂಗಿಲ್ರೀ ಯವ್ವಾ,” ಎಂದು ಧೈರ್ಯದಿಂದಲೇ ಹೇಳಿದೆ.

ಮೊನ್ನೆ ಜಾಗದ ಪರವಾನಗಿಗೆ ಅರ್ಜಿ ಕೊಟ್ಟೆವು. ಸತ್ತವರ ಮನೆಯವರೆಲ್ಲ ಪೊಲೀಸ್ ಠಾಣೆಗೆ ಹೋಗಿ ‘ನಡತೆ ಸರಿಯಿದೆ’ ಎಂಬ ಪತ್ರ ತರಬೇಕಂತೆ. ಗಂಗವ್ವನಿಗೆ ಇದನ್ನು ಯಾರು ಹೇಳಬೇಕು?