ಎದುರು ದಂಡೆಯ ಹಳದಿ ಸೀರೆ

೧೯೩೧ನೆಯ ಇಸವಿ ಏಪ್ರಿಲ್ ೧೯, ಭಾನುವಾರ. ಬೆಳಗಿನಿಂದ ಗಾಳಿ ಎಂಬುದಿರಲಿಲ್ಲ. ಮಧ್ಯಾಹ್ನ ಆಕಾಶ ಬೂದಿಯ ಬಣ್ಣಕ್ಕೆ ತಿರುಗಿತು. ಸಂಜೆ ಸಂಡೂರಿನ ಗುಡ್ಡಗಳ ಕಡೆ ಎರಡು ಸಲ ಗುಡುಗಿತಾದರೂ ಕಂಪ್ಲಿಯಲ್ಲಿ ಧೂಳಡಗುವಷ್ಟೂ ಹನಿ ಬೀಳಲಿಲ್ಲ. ಹೊಳೆಯ ನೀರು ಅಳತೆಗಲ್ಲಿನ ಮೇಲೆ ಒಂದು ಅಡಿ ನಾಲ್ಕು ಅಂಗುಲ.

ಈ ಕೊನೆಯ ಸಂಗತಿಯನ್ನು ಬರೆದಿಡುವುದು ಜಡೆಪ್ಪನ ಉದ್ಯೋಗ. ಕಂಪ್ಲಿಯ ಕೋಟೆಯ ಕೆಳಗೆ, ಹೊಳೆಗಿಳಿಯುವ ಮೆಟ್ಟಿಲುಗಳ ಪಕ್ಕದಲ್ಲಿ ಸರಕಾರದವರು ನೆಟ್ಟ ಕಲ್ಲೊಂದಿದೆ; ಅದರ ಮೇಲೆ ಅಡಿ, ಅಂಗುಲಗಳ ಗೆರೆ ಕೊರೆದಿದೆ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ನೀರು ಯಾವ ಗೆರೆಗೆ ನಿಂತಿದೆಯೆಂದು ಬಗ್ಗಿ ನೋಡಿ ಪುಸ್ತಕದಲ್ಲಿ ಬರೆಯಬೇಕು. ವಾರಕ್ಕೊಮ್ಮೆ ಅದರ ನಕಲನ್ನು ಹೊಸಪೇಟೆಯ ಕಚೇರಿಗೆ ಅಂಚೆಯಲ್ಲಿ ಕಳಿಸಬೇಕು. ಒಂಬತ್ತು ವರ್ಷಗಳಲ್ಲಿ ಅವನು ಒಂದು ಹೊತ್ತೂ ತಪ್ಪಿಸಿರಲಿಲ್ಲ. ವಯಸ್ಸು ಮೂವತ್ತೆಂಟು. ಇಪ್ಪತ್ತೈದರಲ್ಲಿ ಮದುವೆಯಾಗಿ, ಅದೇ ವರ್ಷ ಊರೂರನ್ನು ಹಿಡಿದ ಜ್ವರದಲ್ಲಿ ಹೆಂಡತಿಯನ್ನು ಕಳೆದುಕೊಂಡಿದ್ದ. ಅವಳು ಮನೆಗೆ ಬಂದು ಮೂರೇ ತಿಂಗಳಾಗಿತ್ತು. ಅವಳ ಮುಖ ಅವನಿಗೆ ಈಗ ಸರಿಯಾಗಿ ನೆನಪಿಲ್ಲ. ತಾನೇ ರೊಟ್ಟಿ ಬಡಿದುಕೊಂಡು, ತಾನೇ ತಾಟು ತೊಳೆದುಕೊಂಡು, ಕೋಟೆಯೊಳಗಿನ ಒಂದು ಕೋಣೆಯಲ್ಲಿ ಇದ್ದವನು.

ಕೆಲಸಕ್ಕೆ ಸೇರಿದ ಮೊದಲ ವಾರವೇ ಅವನು ಎದುರು ದಂಡೆಯವಳನ್ನು ಕಂಡ. ಎದುರು ದಂಡೆ ನಿಜಾಮರ ಸೀಮೆ. ಅಲ್ಲಿ ಹುಣಸೆಮರಗಳ ನಡುವೆ ನಾಲ್ಕಾರು ಮನೆ, ಒಂದು ಚಿಕ್ಕ ಹನುಮಪ್ಪನ ಗುಡಿ, ಹೊಳೆಗೆ ಇಳಿಯಲು ಕೆಲವು ಕಲ್ಲಿನ ಮೆಟ್ಟಿಲು. ಬೆಳಗಾಗುವ ಹೊತ್ತಿಗೆ ಕೆಂಪಂಚಿನ ಹಳದಿ ಸೀರೆಯುಟ್ಟ ಹೆಂಗಸೊಬ್ಬಳು ಒಬ್ಬಳೇ ಬಂದು ಕೊಡ ತುಂಬುತ್ತಿದ್ದಳು. ಅಷ್ಟು ದೂರಕ್ಕೆ ಮುಖ ಕಾಣುತ್ತಿರಲಿಲ್ಲ. ಮೂರನೆಯ ಮೆಟ್ಟಿಲಿನ ಮೇಲೆ ಕೊಡವಿಳಿಸಿ, ಸೊಂಟದ ಮೇಲೆ ಕೈಯಿಟ್ಟು, ಹೊಳೆಯನ್ನು ನೋಡುತ್ತ ಅವಳು ತುಸು ಹೊತ್ತು ನಿಲ್ಲುತ್ತಿದ್ದುದು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಮನೆಯಲ್ಲಿ ಕಾಯುವವರಿದ್ದರೆ ಯಾರೂ ಹಾಗೆ ನಿಲ್ಲುವುದಿಲ್ಲವೆಂದು ಜಡೆಪ್ಪನಿಗೆ ಅನಿಸಿತು. ಅವನನ್ನೂ ಯಾರೂ ಕಾಯುತ್ತಿರಲಿಲ್ಲ.

ನಿಂತವಳು ಕೊನೆಗೆ ಎರಡೂ ಕೈ ಜೋಡಿಸಿ ಈ ದಂಡೆಯ ಕಡೆಗೆ ಎತ್ತುತ್ತಿದ್ದಳು. ಸೂರ್ಯ ಹುಟ್ಟುವುದು ಕಂಪ್ಲಿಯ ಹಿಂದೆ, ನಮಸ್ಕಾರ ಅವನಿಗಿರಬೇಕೆಂದು ಜಡೆಪ್ಪ ಮೊದಲು ತಿಳಿದ. ಆಷಾಢದಲ್ಲಿ ಏಳು ದಿನ ಮೋಡ ಕವಿದು ಸೂರ್ಯನ ಸುಳಿವೇ ಇರಲಿಲ್ಲ. ಏಳು ದಿನವೂ ಅವಳು ಕೈಯೆತ್ತಿದಳು. ಅಂದಿನಿಂದ ಆ ನಮಸ್ಕಾರ ಯಾರಿಗೆಂಬ ಬಗ್ಗೆ ಅವನಿಗೆ ಸಂಶಯವುಳಿಯಲಿಲ್ಲ.

ಅವಳು ಬಿಡುವಿಲ್ಲದ ಮಾತಿನವಳಲ್ಲ, ಉಪ್ಪು ಕಡಿಮೆ ತಿನ್ನುವವಳು, ಗಂಡ ಸತ್ತು ತವರಿನಲ್ಲಿರುವವಳು ಎಂದು ಅವನು ಈ ದಂಡೆಯಲ್ಲಿ ನಿಂತೇ ಒಂದೊಂದಾಗಿ ಕಂಡುಕೊಂಡ. ಪ್ರತಿ ಯುಗಾದಿಗೆ ಸೀರೆ ಹೊಸದಾಗುತ್ತಿತ್ತು, ಬಣ್ಣ ಮಾತ್ರ ಅದೇ. ಹಿಡಿದದ್ದನ್ನು ಬಿಡದ ಸ್ವಭಾವವೆಂದು ತಿಳಿದು ಸಂತೋಷಪಟ್ಟ. ಪಲ್ಯ ಸೀದಾಗ ಮನಸ್ಸಿನಲ್ಲೇ ಅವಳಿಗೆ ಹೇಳಿ ತಾನೇ ನಗುತ್ತಿದ್ದ. ನಾಲ್ಕು ವರ್ಷಗಳ ಹಿಂದೆ ಅವಳು ಮೂರನೆಯ ಮೆಟ್ಟಿಲಲ್ಲಿ ನಿಲ್ಲುವುದನ್ನು ಬಿಟ್ಟಳು. ಕೈ ಮುಗಿದವಳೇ ಕೊಡವೆತ್ತಿಕೊಂಡು ಸರಸರನೆ ಹತ್ತಿಹೋಗತೊಡಗಿದಳು. ಅವಳಿಗೇನೋ ದೊಡ್ಡ ದುಃಖವಾಗಿರಬೇಕೆಂದು ನೊಂದು ಜಡೆಪ್ಪ ಎಲೆ ಅಡಿಕೆ ಹಾಕುವುದನ್ನು ಬಿಟ್ಟ.

ಕೇಳಿ ತಿಳಿಯಬಹುದಿತ್ತು. ಅಂಬಿಗರ ಹುಲುಗಪ್ಪ ದಿನಕ್ಕೆ ಹತ್ತು ಸಲ ಹರಿಗೋಲಿನಲ್ಲಿ ಆಚೆಗೆ ಹೋಗಿಬರುವವನು. ಆದರೆ ಕೇಳಿದರೆ ಉತ್ತರ ಬಂದುಬಿಡುತ್ತದೆ. ಶಿವರಾತ್ರಿಯಿಂದ ಮುಂಗಾರಿನವರೆಗೆ ಹೊಳೆಯನ್ನು ನಡೆದೇ ದಾಟಬಹುದೆಂಬುದನ್ನು ಜಡೆಪ್ಪನಷ್ಟು ಖಚಿತವಾಗಿ ಬಲ್ಲವರು ಊರಲ್ಲಿ ಇರಲಿಲ್ಲ. ಪ್ರತಿ ಬೇಸಿಗೆ ಮುಂದಿನ ವಾರ ಹೋಗುವುದೆಂದು ನಿಶ್ಚಯಿಸುತ್ತಿದ್ದ. ಕೊನೆಗೆ ಕೆಂಪು ನೀರು ಬಂದು ದಾರಿ ಮುಚ್ಚಿದ ದಿನ ಅವನಿಗೆ ದುಃಖವಾಗುತ್ತಿರಲಿಲ್ಲ, ಒಳಗೊಳಗೇ ನಿರಾಳವಾಗುತ್ತಿತ್ತು.

ಈ ವರ್ಷ ಹಾಗೆ ತಳ್ಳುವಂತಿರಲಿಲ್ಲ. ಗುರುವಾರ ಅಕ್ಕ ಕೊಟ್ರಬಸಮ್ಮ ಮೆಟ್ರಿಯಿಂದ ಬಂದಿದ್ದಳು. ಅವಳ ನೆರೆಮನೆಯ ವಿರುಪಮ್ಮನಿಗೆ ಇಪ್ಪತ್ತೆಂಟು. ಗಂಡ ತೀರಿ ಐದು ವರ್ಷ. ಅವರಲ್ಲಿ ಗಂಡ ಸತ್ತವಳು ಉಡಿಕೆಯ ಮದುವೆಯಾಗಲು ಅಡ್ಡಿಯಿಲ್ಲ. ಅಕ್ಕ ಎರಡು ವರ್ಷದಿಂದ ಆ ಮಾತು ಎತ್ತುತ್ತಲೇ ಇದ್ದಳು.

“ಲೇ ತಮ್ಮಾ, ಮಂಗಳಾರ ಬಸವ ಜಯಂತಿ. ಅವತ್ತು ವಿರುಪಮ್ಮನ್ನ ಕೇಳಾಕ ಚೋರನೂರಿನೋರು ವೀಳ್ಯ ಹಿಡಕೊಂಡು ಬರ್ತಾರ,” ಎಂದಳು. “ಆಕಿ ನನ್ನ ಮುಂದ ಬಾಯಿಬಿಟ್ಟು ಹೇಳ್ಯಾಳ, ನಿನ್ನಷ್ಟು ಮೆಲ್ಲಗ ಮಾತಾಡೋ ಗಂಡಸನ್ನ ನೋಡಿಲ್ಲ ಅಂತ. ಹೂಂ ಅಂದ್ರ ನೀನ ಬಾ. ಇಲ್ಲಾಂದ್ರ ಒಂದು ಕಾರ್ಡು ಹಾಕು. ಸುಮ್ಮನ ಕುಂತು ಆಕೀನ ಕಾಯಿಸಬ್ಯಾಡ.”

ಅಕ್ಕನ ಮನೆಯಲ್ಲಿ ವಿರುಪಮ್ಮ ಅವನಿಗೆ ಎಷ್ಟೋ ಸಲ ಬಡಿಸಿದ್ದಳು. ಅವಳು ಯಾವ ಬಣ್ಣದ ಸೀರೆ ಉಡುತ್ತಾಳೆಂದು ನೆನೆಯಲು ಹೋದರೆ ಜಡೆಪ್ಪನಿಗೆ ಹೊಳೆಯಲಿಲ್ಲ. ಶುಕ್ರವಾರ ಈ ಸಂಬಂಧ ಬೇಡವೆಂದು ಕಾರ್ಡು ಬರೆದ. ಬರೆದು ಅಂಚೆಗೆ ಹಾಕದೆ ಅಳತೆಯ ಪುಸ್ತಕದೊಳಗಿಟ್ಟ. ಒಂಬತ್ತು ವರ್ಷದಿಂದ ದೂರದಲ್ಲೇ ನೋಡಿದವಳನ್ನು ಒಮ್ಮೆ ಹತ್ತಿರದಿಂದ ಕಂಡು, ಅವಳ ಬಾಯಿಂದ ಒಂದು ಮಾತು ಕೇಳಿ, ಆಮೇಲೆ ಹಾಕುವುದೋ ಹರಿಯುವುದೋ ನೋಡೋಣವೆಂದುಕೊಂಡ. ಶನಿವಾರ ಹೊಸಪೇಟೆಯ ವ್ಯಾಪಾರಿಯೊಬ್ಬನಿಂದ ರವಿಕೆಗೆಂದು ಗುಳೇದಗುಡ್ಡದ ಖಣವೊಂದನ್ನು ಕೊಂಡ.

ಭಾನುವಾರ ಉಂಡು, ದಿನದ ಬಿಳಿಯ ರುಮಾಲು ಬಿಟ್ಟು ಜರಿಯಂಚಿನದನ್ನು ಸುತ್ತಿಕೊಂಡು, ಕೆರ ಕೈಯಲ್ಲಿ ಹಿಡಿದು ನೀರಿಗಿಳಿದ. ಮರಳಿನ ಮೇಲೆ ಬೋರಲು ಹಾಕಿದ ಹರಿಗೋಲಿನ ನೆರಳಲ್ಲಿ ಹುಲುಗಪ್ಪ ಕುಳಿತಿದ್ದ.

“ಏನ್ರೀ ಜಡೆಪ್ಪನೋರ, ಒಂಬತ್ತು ವರ್ಷ ಕಲ್ಲಿನ ಮ್ಯಾಲೆ ನೀರು ಅಳದ್ರಿ. ಇವತ್ತು ಮೊಣಕಾಲಿನ ಮ್ಯಾಲೆ ಅಳಿಯಾಕ ಹೊಂಟೀರೇನು?”

ಹನುಮಪ್ಪನಿಗೆ ಕಾಯಿ ಒಡೆಸಬೇಕೆಂದು ಹೇಳಿ ಜಡೆಪ್ಪ ಮುಂದೆ ನಡೆದ. ನೀರು ನಡುವಿನಲ್ಲಿ ತೊಡೆಯವರೆಗೆ ಬಂತು, ಅಷ್ಟೇ. ಕಾಲುಗಂಟೆಯ ದಾರಿ.

ಆಚೆಯ ಮೆಟ್ಟಿಲುಗಳನ್ನು ಎಣಿಸುತ್ತ ಹತ್ತಿದ. ಮೂರನೆಯದರ ಮೇಲೆ ತಾನೂ ನಿಂತು ಕಂಪ್ಲಿಯ ಕಡೆ ನೋಡಿದ. ಅಳತೆಗಲ್ಲು ಇಲ್ಲಿಂದ ಒಂದು ಕಡ್ಡಿಯಷ್ಟು ಕಾಣುತ್ತಿತ್ತು. ಗುಡಿಯಲ್ಲಿ ಕಾಯಿ ಒಡೆಸಿಕೊಂಡು ಪಕ್ಕದ ಪೂಜಾರಿಯ ಮನೆಯ ಮುಂದೆ ಬಂದಾಗ, ಪಡಸಾಲೆಯಲ್ಲಿ ಎತ್ತರಕ್ಕೆ ಕಟ್ಟಿದ ಬಿದಿರಿನ ಗಳುವಿನ ಮೇಲೆ ಆ ಸೀರೆ ಒಣಗುತ್ತಿತ್ತು. ಒಳಗೆ ಯಾರೂ ಇಲ್ಲದ ಆ ಸೀರೆಯನ್ನು ನೋಡುತ್ತ ಅವನು ಅಲ್ಲೇ ನಿಂತುಬಿಟ್ಟ.

“ದೂರ ನಿಂದರ್ರಿ, ಮುಟ್ಟಬ್ಯಾಡ್ರಿ. ಅದು ಸ್ವಾಮಿ ನೀರಿನ ಸೀರಿ,” ಎಂದಿತು ಒಳಗಿನ ದನಿ. ಅರವತ್ತು ದಾಟಿದ ಹೆಂಗಸು, ಪೂಜಾರಿಯ ಹೆಂಡತಿ ಜಂಬವ್ವ, ಕಾಲು ಚಾಚಿ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು.

ಸೀರೆ ಯಾರದೆಂದು ಜಡೆಪ್ಪ ಕೇಳಿದ. ಒಂಬತ್ತು ವರ್ಷದಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ ಅದು.

“ಯಾರದಂದ್ರ? ಮನೀದು,” ಎಂದಳು ಜಂಬವ್ವ. ಹನುಮಪ್ಪನ ನೀರಿಗೆ ಹೋಗುವವರು ಅದೊಂದನ್ನೇ ಉಡಬೇಕು, ಬೇರೆ ಕೆಲಸಕ್ಕೆ ಉಡುವಂತಿಲ್ಲ. ವರ್ಷಕ್ಕೊಂದು, ಯುಗಾದಿಗೆ, ಕಂಪ್ಲಿಯ ನೇಕಾರರೊಬ್ಬರು ಹರಕೆಯೆಂದು ಕೊಡುತ್ತಾರೆ. ಮೂವರು ಸೊಸೆಯರು, ಯಾರ ಸರದಿಯೋ ಅವರು ಉಡುತ್ತಾರೆ. ಕೊಡ ತುಂಬಿದ ಮೇಲೆ ಸೂರ್ಯನಿಗೆ ಕೈ ಮುಗಿಯಬೇಕು, ಅದು ಆ ಮನೆಯ ಕಟ್ಟು. ಮೋಡವಿದ್ದರೆ ಎಂದು ಜಡೆಪ್ಪ ಕೇಳಿದಾಗ ಅವಳು ಅವನನ್ನು ವಿಚಿತ್ರವಾಗಿ ನೋಡಿದಳು.

“ಮೋಡ ಇದ್ರ ಏನಾತು? ಹಿಂದ ಅಂವ ಇರ್ತಾನಲ್ಲ.”

ಕಿರಿಯ ಸೊಸೆ ತಂಬಿಗೆಯಲ್ಲಿ ನೀರು ತಂದಿಟ್ಟು ಹೋದಳು. ಲಕ್ಷಣವಾದ ಹುಡುಗಿ. ಆ ಮುಖದಲ್ಲಿ ಅವನು ಹುಡುಕಿದ್ದು ಯಾವುದೂ ಇರಲಿಲ್ಲ. ಅದು ಅವಳ ತಪ್ಪಲ್ಲ.

ಜಡೆಪ್ಪ ಖಣವನ್ನು ಜಂಬವ್ವನ ಮುಂದಿಟ್ಟು, ಸ್ವಾಮಿಯ ನೀರು ತರುವವರಿಗೆಂದು ತಂದದ್ದು ಎಂದ.

“ಖಣ ಒಂದು, ಸೊಸೆಯರು ಮೂವರು. ಮನ್ಯಾಗ ಜಗಳ ಹಚ್ಚಾಕ ಬಂದೀರೇನು?” ಎಂದು ನಗುತ್ತ ಅವಳು ತನ್ನ ಕಥೆಗಿಳಿದಳು. ಸೊಸೆಯರು ಬರುವ ಮೊದಲು ಮೂವತ್ತು ವರ್ಷ, ಬಂದ ಮೇಲೂ, ಆ ಸೀರೆ ಅವಳದೊಬ್ಬಳದೇ ಆಗಿತ್ತು. ನಾಲ್ಕು ವರ್ಷದ ಹಿಂದೆ ಮೊಣಕಾಲು ಪೂರಾ ಸೋತಾಗ ಬಿಟ್ಟುಕೊಟ್ಟಳು.

“ಕಡೀ ಕಡೀಗೆ ಮೂರು ಮೆಟ್ಟಲ ಹತ್ತೂದ್ರಾಗ ಉಸಿರು ಹೋಗ್ತಿತ್ತು. ಅಲ್ಲೇ ಕೊಡ ಇಳಿಸಿ ನಿಲ್ಲತಿದ್ದೆ. ಆಚಿ ದಂಡಿಯಾಗ ಬಿಳೀ ರುಮಾಲಿನಾಂವ ಒಬ್ಬ ಬಗ್ಗಿ ಬಗ್ಗಿ ಕಲ್ಲು ನೋಡ್ತಿದ್ದ. ಅಂವ ನೆಟ್ಟಗ ಎದ್ದು ನಿಂತಾ ಅಂದ್ರ ನಾನೂ ಕೊಡ ಎತ್ತತಿದ್ದೆ. ಜೊತಿಗೆ ಒಬ್ರು ಇದ್ದಂಗ ಆಗ್ತಿತ್ತು ನೋಡ್ರಿ.” ಅವಳು ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. “ನೀವು ಕಂಪ್ಲಿಯೋರಲ್ಲೇನು? ಅಂವ ಇನ್ನೂ ಅದಾನೇನ್ರಿ?”

“ಅದಾನವ್ವ,” ಎಂದ ಜಡೆಪ್ಪ. “ದಿನಾ ಬರ್ತಾನ.”

ಖಣವನ್ನು ಅವಳ ಕಡೆಗೇ ಸರಿಸಿ, ನೀವೇ ಇಟ್ಟುಕೊಳ್ಳಿ ಎಂದ. ಈ ವಯಸ್ಸಿನಲ್ಲಿ ತನಗೆ ಖಣ ಕೊಡಲು ಹೊಳೆ ದಾಟಿ ಬಂದವನು ಇವನೊಬ್ಬನೇ ಎಂದು ಜಂಬವ್ವ ಸೊಸೆಯನ್ನು ಕೂಗಿ ಹೇಳಿ, ಬಹಳ ಹೊತ್ತು ನಕ್ಕಳು. ಬಾಗಿಲವರೆಗೆ ಕಳಿಸಲು ಎದ್ದವಳು ಒಮ್ಮೆ ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡಳು.

ಆರಕ್ಕೆ ಸರಿಯಾಗಿ ಅವನು ಕಲ್ಲಿನ ಬಳಿ ಇದ್ದ. ನೀರು ಬೆಳಗಿನಷ್ಟೇ ಇತ್ತು, ಹಾಗೆಯೇ ಬರೆದ. ಪುಸ್ತಕದಲ್ಲಿದ್ದ ಕಾರ್ಡನ್ನು ತೆಗೆದು ನೋಡಿದ. ಇನ್ನೂ ಹರಿಯಬಹುದಿತ್ತು. ಮೆಟ್ರಿ ದೂರವೇನಲ್ಲ, ಮಂಗಳವಾರಕ್ಕೆ ಇಡೀ ಒಂದು ದಿನ ನಡುವೆ ಇತ್ತು. ಅಲ್ಲಿ ತನ್ನ ಮೆಲುದನಿಯನ್ನು ಮೆಚ್ಚಿದ, ಹೆಸರೂ ಮುಖವೂ ಇರುವ ಹೆಣ್ಣೊಬ್ಬಳಿದ್ದಳು. ನಾಳೆ ಬೆಳಗಿನ ಅಳತೆ ಮುಗಿಸಿ ತಾನೇ ಹೋಗಿ ಹೂಂ ಎಂದುಬಿಡುವುದೆಂದು ತೀರ್ಮಾನಿಸಿ ಮಲಗಿದ.

ಸೋಮವಾರ ಬೆಳಿಗ್ಗೆ ಬಗ್ಗಿ ಗೆರೆ ನೋಡಿ ತಲೆಯೆತ್ತಿದಾಗ ಎದುರು ದಂಡೆಗೆ ಹಳದಿ ಸೀರೆ ಬಂತು. ಮೂವರಲ್ಲಿ ಒಬ್ಬಳು. ಕೊಡ ತುಂಬಿ, ಎರಡೂ ಕೈ ಜೋಡಿಸಿ ಎತ್ತಿದಳು. ಆ ಕೈ ಯಾರಿಗೆಂದು ಗೊತ್ತಿತ್ತು. ಆ ಸೀರೆ ಯಾರದೂ ಅಲ್ಲವೆಂದು ಗೊತ್ತಿತ್ತು. ಗೊತ್ತಿದ್ದೂ ಅವನ ಎದೆ ನಿನ್ನೆ ಮೊನ್ನೆಯಂತೆಯೇ, ಒಂಬತ್ತು ವರ್ಷದಂತೆಯೇ, ಒಮ್ಮೆ ಮೇಲೆದ್ದು ಇಳಿಯಿತು. ಅವಳು ಹತ್ತಿಹೋಗುವವರೆಗೂ ಅವನು ನೋಡುತ್ತ ನಿಂತ. ಮೆಟ್ರಿಯ ಮನೆಯಲ್ಲಿ ಎದುರಿಗೆ ಕುಳಿತು ಬಡಿಸುವವಳ ಕಡೆ ತಾನು ಎಂದೂ ಹೀಗೆ ನೋಡಿರಲಿಲ್ಲ, ನೋಡಲಾರೆ ಎಂಬುದು ಆಗ ಅವನಿಗೆ ತಿಳಿಯಿತು. ಚೋರನೂರಿನವನು ನೋಡಿಯಾನು.

ಹಿಂದಿರುಗಿ ಸೂರ್ಯನನ್ನು ಒಮ್ಮೆ ನೋಡಿ, ಮೆಟ್ಟಿಲು ಹತ್ತಿ, ಅಂಚೆಗೆ ಹೋಗಿ ಕಾರ್ಡನ್ನು ಡಬ್ಬಿಗೆ ಹಾಕಿದ.

ನಾಲ್ಕು ದಿನದ ಖರ್ಚು: ಖಣ ಒಂದಕ್ಕೆ ಹನ್ನೊಂದಾಣೆ. ಹನುಮಪ್ಪನಿಗೆ ಕಾಯಿ, ಕರ್ಪೂರ ಎರಡೂವರೆ ಆಣೆ. ಮೆಟ್ರಿಯ ಕಾರ್ಡು ಅರ್ಧಾಣೆ. ಸೋಮವಾರ, ಎಲೆ ಅಡಿಕೆಗೆ ಒಂದಾಣೆ. ಒಟ್ಟು ಹದಿನೈದಾಣೆ.