ನಾಯಿ ಕಡಿದ ಬಾಗಿಲು, ಸರೋಜಕ್ಕನ ಉಳಿ

ಬಾಂಗ್ಸಾರಿನಲ್ಲಿ ಬೆಳಿಗ್ಗೆ ಏಳಾದರೂ ಇನ್ನೂ ನಸುಗತ್ತಲು. ಮೈಸೂರಿನಿಂದ ಈ ಪರದೇಶಕ್ಕೆ ಬಂದಿರುವ ಲಕ್ಷ್ಮಿಯವರ ಬಾಡಿಗೆ ಮನೆಯ ಹೊಸ್ತಿಲ ಮುಂದೆ ಸರೋಜಕ್ಕ ಆಗಲೇ ಕವುಚಿ ಮಲಗಿದ್ದಾರೆ. ಹಣೆಯ ಮೇಲೆ ಟಾರ್ಚು, ಮೂಗು ಬಾಗಿಲಿಗೆ ತಾಗುವಷ್ಟು ಹತ್ತಿರ. ಬಾಗಿಲಿನ ಕೆಳತುದಿಯನ್ನು ಬ್ರೌನಿ ಎಂಬ ನಾಯಿ ಇಲಿಯೂ ನಾಚುವಂತೆ ಕಡಿದು ಹಾಕಿದೆ. ಎರಡು ಸಲ ಬೇರೆ ಕೆಲಸಗಾರರು ಬಂದು ಪುಟ್ಟಿ ಮೆತ್ತಿದ್ದಾರೆ. ಎರಡು ಸಲವೂ ಅದು ಉದುರಿದೆ, ನಾಯಿ ಮತ್ತೆ ಕಡಿದಿದೆ. ಇನ್ನೊಮ್ಮೆ ಕಡಿದರೆ ಬ್ರೌನಿಯನ್ನು ಯಾರಿಗಾದರೂ ಕೊಟ್ಟುಬಿಡುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಎಂಟು ವರ್ಷದ ಮಗಳು ಪೂರ್ವಿ ನಾಯಿಯ ಕೊರಳು ತಬ್ಬಿಕೊಂಡು ಮೂಲೆಯಲ್ಲಿ ಕೂತಿದ್ದಾಳೆ.

ಸರೋಜಕ್ಕ ಬಾಗಿಲನ್ನು ಮೂಸುತ್ತಾರೆ. ಅವರ ಕೆಲಸ ನೋಡಿ ಬರೆಯಲೆಂದು ಜೊತೆಗೆ ಬಂದ ನನಗೆ ನಗು ಬರುತ್ತದೆ.

"ಅಮ್ಮ, ಇದಕ್ಕೆ ನೀವು ಎಣ್ಣೆ ಹಚ್ಚುದುಂಟಾ?"

"ಹೂಂ ಕಣ್ರೀ, ಪ್ರತಿ ಶುಕ್ರವಾರ. ಹೊಸ್ತಿಲಿಗೆ ಅರಿಶಿನ ಹಚ್ಚಿದ್ಮೇಲೆ ಬಾಗಿಲಿಗೂ ಒಂಚೂರು ಕೊಬ್ಬರಿ ಎಣ್ಣೆ ಸವರ್ತೀನಿ. ನಮ್ಮತ್ತೆ ಹಾಗೇ ಮಾಡ್ತಿದ್ರು," ಎನ್ನುತ್ತಾರೆ ಲಕ್ಷ್ಮಿ.

"ಅದೇ ಮಾರಾಯ್ರೆ! ಆ ಎಣ್ಣೆ ನೆಕ್ಲಿಕ್ಕೆ ನಾಯಿ ಬರುದು. ನೆಕ್ಕಿ ನೆಕ್ಕಿ ಮತ್ತೆ ಕಡೀತದೆ. ಎಣ್ಣೆ ಕುಡಿದ ಮರಕ್ಕೆ ಪುಟ್ಟಿ ಎಲ್ಲಿಂದ ಹಿಡಿಯುದು?"

ಲಕ್ಷ್ಮಿಯವರ ಮುಖ ಚಿಕ್ಕದಾಗುತ್ತದೆ. ಇಷ್ಟು ದಿನ ಬೈಸಿಕೊಂಡದ್ದು ಬ್ರೌನಿ.

ನಲವತ್ತಾರರ ಸರೋಜಕ್ಕ ಕಾರ್ಕಳದ ಬಡಗಿ ನಾಣಿ ಆಚಾರ್ಯರ ಮಗಳು. ಗಂಡುಮಕ್ಕಳಿಲ್ಲದ ಅಪ್ಪನ ಗರಗಸದ ಇನ್ನೊಂದು ತುದಿ ಹಿಡಿದೇ ಕೆಲಸ ಕಲಿತವರು. ಗಂಡ ಲೋಕೇಶರಿಗೆ ಕ್ಲಾಂಗ್ ಬಂದರಿನಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ. "ಮೊದಲೆಲ್ಲ ಫೋನ್ ಮಾಡಿದವರು ಬಡಗಿಗೆ ಕೊಡಿ ಅಂತಿದ್ರು. ನಾನೇ ಅಂದ್ರೆ ಇಟ್ಟೇ ಬಿಡುದು!" ಎಂದು ನಗುತ್ತಾರೆ. ಆ ನಗುವಿನ ಹಿಂದೆ ಎರಡು ವರ್ಷ ಕೆಲಸವಿಲ್ಲದೆ ಕೂತ ಬೇಸರವಿದೆ, ಅದನ್ನೂ ಮುಚ್ಚಿಡುವುದಿಲ್ಲ.

ಈಗ ತಿಂಗಳಿಗೆ ಹದಿನೈದು ಬಾಗಿಲು ಇವರ ಕೈಯಲ್ಲಿ ದುರಸ್ತಿಯಾಗುತ್ತವೆ. ಅರ್ಧಕ್ಕರ್ಧ ನಾಯಿ ಬೆಕ್ಕುಗಳ ಕೃಪೆ. ಹದಿನಾಲ್ಕು ಕಿಲೋ ಚೀಲ ಹೊತ್ತು ಎರಡು ರೈಲು ಬದಲಿಸಿ ಬರುತ್ತಾರೆ. ಮಧ್ಯಾಹ್ನ ಮಾಮಕ್ ಎನ್ನುವ ತಮಿಳು ಮುಸ್ಲಿಮರ ಹೋಟೆಲಿನಿಂದ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಂಡು ತಂದ ಊಟ ಬಾಗಿಲ ಪಕ್ಕದಲ್ಲೇ ಮುಗಿಯುತ್ತದೆ.

ಇವರು ಪುಟ್ಟಿಯನ್ನು ಮುಟ್ಟುವುದಿಲ್ಲ. ಎಣ್ಣೆ ಇಳಿದಷ್ಟು ಮರವನ್ನೂ ಉಳಿಯಿಂದ ಕೆತ್ತಿ ತೆಗೆಯುತ್ತಾರೆ. ಚೀಲದಲ್ಲಿರುವ ಹಳೆಯ ಮೆರಾಂಟಿ ಮರದ ತುಂಡುಗಳನ್ನು ಒಂದೊಂದಾಗಿ ಬಾಗಿಲಿಗೆ ಹಿಡಿದು, ಬಣ್ಣ ಮತ್ತು ಎಳೆ ಹೊಂದುವ ಒಂದನ್ನು ಆರಿಸಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಅದನ್ನು ಅಂಟು ಹಾಕಿ ಕೂರಿಸಿ, ನುಣುಪಾಗುವವರೆಗೆ ಕೀಸುಳಿ ಎಳೆಯುತ್ತಾರೆ. ಆ ಕೈಗಳನ್ನು ನೋಡುತ್ತ ನನಗಂತೂ ಹೆಮ್ಮೆಯೆನಿಸುತ್ತದೆ.

"ಇನ್ನು ಅರಿಶಿನ ಹೊಸ್ತಿಲಿಗೆ ಮಾತ್ರ. ಬಾಗಿಲಿಗೆ ಎಣ್ಣೆ ಬೇಡ, ಆಯ್ತಾ?"

ಕೂರಿಸಿದ ಮರ ಮಳೆಗೆ ಉಬ್ಬಿದೆಯೇ ಎಂದು ತಿಂಗಳ ಮೇಲೆ ಹೋಗಿ ನೋಡುವುದು ಇವರ ಪದ್ಧತಿ. ಈ ಸಲ ನಾನೂ ಜೊತೆಗೆ ಹೋಗುತ್ತೇನೆ. ಬ್ರೌನಿ ಅದೇ ಬಾಗಿಲಿಗೆ ಬೆನ್ನು ಕೊಟ್ಟು ನಿದ್ದೆ ಹೊಡೆಯುತ್ತಿದೆ. ಪೂರ್ವಿ ಅದನ್ನು ಪಕ್ಕಕ್ಕೆ ಸರಿಸಿ, ಮಂಡಿಯೂರಿ, ಹೊಸ ಮರ ಕೂಡಿಸಿದ ಗೆರೆ ಹುಡುಕುತ್ತ ಬಾಗಿಲ ಕೆಳತುದಿಯ ಮೇಲೆ ಬೆರಳಾಡಿಸುತ್ತಾಳೆ.

"ಆಂಟಿ, ವೇರ್ ಈಸ್ ಇಟ್? ಐ ಕಾಂಟ್ ಫೈಂಡ್ ಇಟ್ ಲಾ!"

ಸರೋಜಕ್ಕ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾರೆ.

"ಹುಡುಕು ಮಗಾ, ಹುಡುಕು. ಸಿಕ್ಕಿದ್ರೆ ನಾನು ಬಡಗಿಯೇ ಅಲ್ಲ."